ರೇಡಿಯೋ ಕಿವಿ ಹಿಂಡಿದವರು

ನಮ್ಮಜ್ಜನ ರೇಡಿಯೋಗೆ ಎರಡು ಕಿವಿ. ಎಡಗಿವಿ ಹಿಂಡಿದರೆ ಸದ್ದು ಜಾಸ್ತಿಯಾಗುತ್ತಿತ್ತು, ಬಲಗಿವಿ ಹಿಂಡಿದರೆ ಊರು ಬದಲಾಗುತ್ತಿತ್ತು. ಎಡಗಿವಿಯನ್ನು ಯಾರು ಬೇಕಾದರೂ ಮುಟ್ಟಬಹುದು. ಬಲಗಿವಿ ಮಾತ್ರ ಅಜ್ಜನದೇ. ಕಂದು ಚರ್ಮದ ಅಂಗಿ ತೊಟ್ಟುಕೊಂಡು ಅದು ಅಡುಗೆಮನೆ ಬಾಗಿಲ ಪಕ್ಕದ ಗೂಡಿನಲ್ಲಿ ಕೂತಿರುತ್ತಿತ್ತು. ಬೆಳಿಗ್ಗೆ 'ಇಯಂ ಆಕಾಶವಾಣೀ' ಅಂತ ಸಂಸ್ಕೃತ ವಾರ್ತೆ ಶುರುವಾಯಿತು ಅಂದರೆ ಅಜ್ಜಿಗೆ ಹಾಲು ಕಾಯಿಸುವ ಹೊತ್ತು. ವಾರ್ತೆ ಅರ್ಥ ಆಗಬೇಕು ಅಂತೇನೂ ಇರಲಿಲ್ಲ.

ಊರಲ್ಲಿ ಯಾವ ವಾದ ಎದ್ದರೂ 'ರೇಡಿಯೋದಲ್ಲೇ ಹೇಳಿದ್ರು' ಅಂದರೆ ಅಲ್ಲಿಗೆ ಮುಗೀತು. 1979ರ ಮಾರ್ಚ್‌ನಲ್ಲಿ ಈ ನಂಬಿಕೆ ಒಮ್ಮೆ ಎಡವಿತು. ಜನನಾಯಕ ಜಯಪ್ರಕಾಶ ನಾರಾಯಣರು (ಜೆಪಿ) ತೀರಿಕೊಂಡರು ಅಂತ ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲೇ ಹೇಳಿಬಿಟ್ಟರು, ರೇಡಿಯೋನೂ ಅದನ್ನೇ ಹೇಳಿತು, ಅಂಗಡಿಗಳು ಬಾಗಿಲು ಹಾಕಿದವು, ಸ್ಕೂಲಿಗೆ ರಜೆ. ಆಮೇಲೆ ನೋಡಿದರೆ ಜೆಪಿ ಮುಂಬೈ ಆಸ್ಪತ್ರೆಯಲ್ಲಿ ಬದುಕೇ ಇದ್ದಾರೆ! ಅವರು ಹೋಗಿದ್ದು ಅಕ್ಟೋಬರ್‌ನಲ್ಲಿ. ಅಜ್ಜ ಮಾತ್ರ ಜಗ್ಗಲಿಲ್ಲ. 'ರೇಡಿಯೋ ತಪ್ಪು ಹೇಳಲ್ಲ ಕಣೋ, ಡೆಲ್ಲಿಯವರು ಅದಕ್ಕೆ ತಪ್ಪು ಹೇಳಿಕೊಟ್ಟಿರ್ತಾರೆ' ಅಂದರು.

ನಮ್ಮ ಕಡೆ ರೇಡಿಯೋ ಶುರುವಾಗಿದ್ದು ಸರ್ಕಾರದಿಂದಲೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಶುರುಮಾಡಿದ ನಿಲಯ ಅದು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಯದು, ಇಡೀ ದೇಶಕ್ಕೆ ಬಂದಿದ್ದು ಆಮೇಲೆ. ಜನರ ಮನಸ್ಸಿನ ಪಾಠ ಹೇಳುವ ಮೇಷ್ಟ್ರಿಗೇ ಈ ಪೆಟ್ಟಿಗೆಯ ಹುಚ್ಚು ಹಿಡಿದಿದ್ದು ಸುಮ್ನೆ ಇರಲಿಕ್ಕಿಲ್ಲ, ಅಲ್ವಾ?

ಡೆಲ್ಲಿಯ ಮೇಷ್ಟ್ರುಗಳು ಬೇರೆ ಥರ. ಅವರಿಗೆ ಕೇಳುವವರ ಕಿವಿ ಹಿಂಡುವ ಆಸೆ. 1940ರಲ್ಲಿ, ಇನ್ನೂ ಬ್ರಿಟಿಷರ ಕಾಲ, ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದಲ್ಲ ಅಂತ ರೇಡಿಯೋದಿಂದ ಹೊರಗೆ ಹಾಕಿದರು. ಬ್ರಿಟಿಷರು ಹೋದರೂ ಆ ನಿಯಮ ಹೋಗಲಿಲ್ಲ, ಮೂರು ದಶಕ ಹಾಗೇ ಇತ್ತು. 1950ರಲ್ಲಿ ಧಾರವಾಡ ನಿಲಯ ಶುರುವಾದಾಗ ಊರ ತುಂಬ ಹಾಡುವವರಿದ್ದರು, ಪೇಟಿ ಅಂದರೆ ಹಾರ್ಮೋನಿಯಂ ನುಡಿಸುವವರೂ ಇದ್ದರು. ಪೇಟಿ ಇಲ್ಲದೆ ಕಂಪನಿ ನಾಟಕದ ಪರದೆ ಮೇಲೆ ಏಳುತ್ತಿರಲಿಲ್ಲ. ರೇಡಿಯೋ ಬಾಗಿಲಲ್ಲಿ ಮಾತ್ರ ಅದಕ್ಕೆ ಪ್ರವೇಶ ಇಲ್ಲ.

ಇನ್ನು 1952ರಲ್ಲಿ ಬಂದ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗದು. ಜನ ಶಾಸ್ತ್ರೀಯ ಸಂಗೀತ ಕೇಳಿ ಉದ್ಧಾರವಾಗಲಿ ಅಂತ ಸಿನಿಮಾ ಹಾಡನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟರು. ಜನ ಉದ್ಧಾರವಾಗಲಿಲ್ಲ, ಬಲಗಿವಿ ಹಿಂಡಿ ಸಿಲೋನಿಗೆ, ಅಂದರೆ ಶ್ರೀಲಂಕಾದ ರೇಡಿಯೋಗೆ ಹೋದರು. ಅಲ್ಲಿ ಪ್ರತಿ ಬುಧವಾರ ಅಮೀನ್ ಸಯಾನಿ ಬಿನಾಕಾ ಗೀತಮಾಲಾ ಅನ್ನೋ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದರು. ಕೂದಲೆಳೆಯಷ್ಟು ಮುಳ್ಳು ಸರಿದರೂ ಹಾಡು ಹೋಗಿ ಬರೀ ಕರಕರ. ಉಸಿರು ಬಿಗಿಹಿಡಿದು ತಿರುಗಿಸಬೇಕು, ಸಿಕ್ಕಿದ ಮೇಲೂ ದನಿ ಸಮುದ್ರದ ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಕೊನೆಗೆ ಸರ್ಕಾರವೇ ಸೋತು 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸಿನಿಮಾ ಹಾಡನ್ನು ಮನೆಗೆ ಕರೆದುಕೊಂಡಿತು. ದೇಶಕ್ಕೆಲ್ಲ ಒಂದೇ ಅಭಿರುಚಿ ಕಲಿಸಲು ಹೊರಟವರಿಗಿಂತ ಸಿಲೋನಿನ ಆ ಬುಧವಾರಗಳೇ ದೇಶವನ್ನು ಜಾಸ್ತಿ ಒಂದು ಮಾಡಿದವು ಅಂತ ನನ್ನ ಅನಿಸಿಕೆ. ಹಿಂದಿ ಬಾರದ ನಮ್ಮಜ್ಜಿಯೂ ಆ ಹಾಡುಗಳನ್ನು ಗುನುಗುತ್ತಿದ್ದರು.

1984ರ ಅಕ್ಟೋಬರ್ 31. ಇಂದಿರಾ ಗಾಂಧಿಗೆ ಗುಂಡು ಹೊಡೆದರಂತೆ ಅಂತ ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಮಾತು. ಉಳಿದರಾ, ಹೋದರಾ, ನಮ್ಮ ಪೆಟ್ಟಿಗೆ ಅದನ್ನು ಮಾತ್ರ ಹೇಳುತ್ತಿಲ್ಲ. ಹೋದರು ಅಂತ ಅದು ಬಾಯಿ ಬಿಟ್ಟಿದ್ದು ಸಂಜೆಗೆ. ಅಷ್ಟರೊಳಗೆ ಅಜ್ಜ ಎರಡು ಸಲ ಅದರ ತಲೆಗೆ ಮೊಟಕಿ, ಮುಖ ಸಣ್ಣದು ಮಾಡಿಕೊಂಡು, ರೇಡಿಯೋವನ್ನು ನನ್ನ ತೊಡೆ ಮೇಲಿಟ್ಟು ಅಂದರು:

'ಬಿಬಿಸಿ ಎಲ್ಲಿ ಬರುತ್ತೆ, ನೀನೇ ಹುಡುಕೋ.'