‘ಸ್ವಲ್ಪ ಸ್ಲೋ ಆಯ್ತು’ ಅಂದವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು

ಮುಂಬಯಿಯಲ್ಲಿ ಕನ್ನಡ ನಾಟಕ ಮುಗಿದು ಜನ ಹೊರಗೆ ಬರುವಾಗ ಬಾಗಿಲ ಹತ್ತಿರ ನಿಂತರೆ ಕೇಳಿಸುವ ಮೊದಲ ಮಾತು ಇದು: ‘ಆಕ್ಟಿಂಗ್ ಲಾಯ್ಕಿತ್ತು ಮಾರಾಯ್ರೆ, ಆದ್ರೆ ಸ್ವಲ್ಪ ಸ್ಲೋ.’ ಕಥೆಗಿಂತ ಪಾತ್ರಗಳನ್ನೇ ನಂಬಿದ ನಾಟಕವಾದರಂತೂ ಈ ತೀರ್ಪು ತಪ್ಪುವುದಿಲ್ಲ. ಒಂದು ಮನೆ, ನಾಲ್ಕು ಜನ, ಮಾರಬೇಕೋ ಬೇಡವೋ ಎಂದು ನಿಂತ ಊರಿನ ಜಾಗ, ಅಣ್ಣ ತಮ್ಮ ಇಬ್ಬರೂ ಎತ್ತದ ಒಂದು ಹಳೇ ವಿಷಯ, ಅಷ್ಟೇ ಇರುವ ನಾಟಕ. ತೀರ್ಪು ಕೇಳಿದ ತಂಡಗಳಲ್ಲಿ ಕೆಲವು ‘ನಮ್ಮ ಜನಕ್ಕೆ ಕಾಮಿಡಿಯೇ ಬೇಕು’ ಅಂತ ಬೈದು ಸುಮ್ಮನಾಗುತ್ತವೆ. ಇನ್ನು ಕೆಲವು ಮುಂದಿನ ಪ್ರಯೋಗಕ್ಕೆ ಇಪ್ಪತ್ತು ನಿಮಿಷದ ಮಾತು ಕತ್ತರಿಸುತ್ತವೆ. ಎರಡೂ ತಪ್ಪು. ನೋಡಿದವರು ಹೇಳಿದ್ದು ತಮಗೆ ಎಲ್ಲೋ ಎಳೆದಂತಾಯಿತು ಎಂದು. ಎಲ್ಲಿ, ಯಾಕೆ ಎಂದು ಹುಡುಕುವುದು ತಂಡದ ಕೆಲಸ.

ನಮ್ಮ ಜನಕ್ಕೆ ತಾಳ್ಮೆ ಇಲ್ಲ ಎಂಬ ಮಾತು ಈ ಊರಿನಲ್ಲಿ ನಿಲ್ಲುವುದೇ ಇಲ್ಲ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ, ತಾಳಮದ್ದಳೆ ನಡೆಯುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಸೆಟ್ಟು ಇಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿಗಳು ಕೂತಲ್ಲಿಂದ ಏಳುವುದೂ ಇಲ್ಲ. ವಾಲಿ ಬಾಣ ತಾಗಿ ಬಿದ್ದಾಯಿತು, ಕಥೆ ಎಲ್ಲರಿಗೂ ಗೊತ್ತು, ಆದರೂ ವಾಲಿಗೂ ರಾಮನಿಗೂ ನಡೆಯುವ ವಾದವನ್ನು ಅದೇ ಪ್ರೇಕ್ಷಕರು ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಅಲ್ಲಿ ಆಡಿದ ಪ್ರತಿ ಮಾತೂ ಎದುರಿನವನನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ, ಅವನು ಏನು ಹೇಳಿ ತಪ್ಪಿಸಿಕೊಂಡಾನು ಎಂದು ಸಭೆ ಕಾಯುತ್ತದೆ. ಹಾಗಾದರೆ ಗಂಟೆಗಳ ಉದ್ದವೂ ತೊಂದರೆಯಲ್ಲ, ರಂಗದ ಮೇಲೆ ಓಡಾಟ ಇಲ್ಲದಿರುವುದೂ ತೊಂದರೆಯಲ್ಲ. ಕಾಯುವುದಕ್ಕೆ ಏನೂ ಉಳಿಯದಾಗ ಬೇಸರ ಶುರುವಾಗುತ್ತದೆ.

ಈಗ ತಾಲೀಮಿಗೆ ಬನ್ನಿ. ನಿಧಾನದ ನಾಟಕ ಕೆಡುವುದು ಹೆಚ್ಚಾಗಿ ಬರೆದಿರುವ ಮೌನಗಳಿಂದ ಅಲ್ಲ, ಬರೆಯದೇ ಸೇರಿಕೊಂಡ ಮೌನಗಳಿಂದ. ಎರಡು ಗಂಟೆಯ ನಾಟಕದಲ್ಲಿ ಆರುನೂರು ಮಾತುಗಳಿವೆ ಅಂದುಕೊಳ್ಳಿ. ಪ್ರತಿ ನಟನೂ ತನ್ನ ಮಾತಿಗೆ ಮೊದಲು ಒಂದೇ ಒಂದು ಸೆಕೆಂಡು ಯೋಚಿಸಿದಂತೆ ಮಾಡಿದರೆ ಹತ್ತು ನಿಮಿಷ ಸೇರಿತು. ಆ ಹತ್ತು ನಿಮಿಷ ಯಾವ ದೃಶ್ಯದಲ್ಲೂ ಕಣ್ಣಿಗೆ ಕಾಣುವುದಿಲ್ಲ, ನಾಟಕದ ತುಂಬ ತೆಳುವಾಗಿ ಹರಡಿಕೊಂಡಿರುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, ನಿರ್ದೇಶಕರು ಮೂರನೇ ದೃಶ್ಯದಲ್ಲಿ ಬೇಕೆಂದೇ ಇಟ್ಟ ಎಂಟು ಸೆಕೆಂಡಿನ ಮೌನ ಆಮೇಲೆ ಮೌನವೆಂದೇ ಅನ್ನಿಸುವುದಿಲ್ಲ. ಎಲ್ಲ ಮಾತಿನ ಮುಂದೂ ಬಿಡುವಿದ್ದರೆ ಆ ಎಂಟು ಸೆಕೆಂಡು ಯಾರೋ ಮಾತು ಮರೆತ ಹಾಗೆ ಕಾಣುತ್ತದೆ. ಆದ್ದರಿಂದ ನಿಧಾನದ ನಾಟಕದಲ್ಲೇ ಕ್ಯೂ ಎತ್ತುವುದು ಚುರುಕಾಗಿರಬೇಕು. ಹಿಂದಿನವರ ಮಾತಿನ ಕೊನೆಯ ಅಕ್ಷರಕ್ಕೇ ಮುಂದಿನ ಮಾತು ತಾಗಬೇಕು, ನಿಲ್ಲಬೇಕಾದ ಆರೇಳು ಜಾಗಗಳಲ್ಲಿ ಮಾತ್ರ ನಿಲ್ಲಬೇಕು. ನಿಂತಾಗ ಕೈಗೆ ಕೆಲಸ ಇರಲಿ: ಒಣಗಿದ ಬಟ್ಟೆ ಮಡಚುವುದು, ಬೆಳ್ಳುಳ್ಳಿ ಸುಲಿಯುವುದು, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ತಿರುಗಿಸುವುದು. ಐದು ಸೆಕೆಂಡಿನ ತನಕ ಮುಖ ಸಾಕು. ಹತ್ತು ದಾಟಿದರೆ ಕೆಲಸ ಬೇಕು, ಆ ಕೆಲಸ ಮೌನದೊಳಗೇ ಮುಗಿಯಲೂ ಬೇಕು, ಇಲ್ಲವೇ ಅರ್ಧಕ್ಕೆ ನಿಲ್ಲಬೇಕು.

ಸ್ಟಾಪ್‌ವಾಚ್ ಇಲ್ಲದೆ ಇದು ತಿಳಿಯುವುದಿಲ್ಲ. ಪ್ರತಿ ಪ್ರಯೋಗದಲ್ಲೂ ಒಬ್ಬರು ದೃಶ್ಯ ದೃಶ್ಯದ ಸಮಯ ಬರೆದಿಡಬೇಕು. ಮೊದಲ ಪ್ರಯೋಗದಲ್ಲಿ ಹದಿನಾಲ್ಕು ನಿಮಿಷ ಇದ್ದದ್ದು ಐದನೆಯದರಲ್ಲಿ ಹದಿನೇಳಾದರೆ, ಒಂದು ಮಾತೂ ಹೆಚ್ಚಿಲ್ಲದಿದ್ದರೆ, ಆ ಮೂರು ನಿಮಿಷ ನಟರು ತಮ್ಮದೇ ಭಾವವನ್ನು ಚಪ್ಪರಿಸಿದ್ದು. ಕತ್ತರಿಸಬೇಕಾದದ್ದು ಅದನ್ನು. ನಾಟಕಕಾರರ ಮಾತಿಗೆ ಕತ್ತರಿ ಹಾಕಿದರೆ ರೋಗ ಹಾಗೇ ಉಳಿಯುತ್ತದೆ, ಪಾತ್ರ ಮಾತ್ರ ಬಡವಾಗುತ್ತದೆ. ದೃಶ್ಯಗಳ ನಡುವಿನ ಕತ್ತಲೆಯನ್ನೂ ಅಳೆಯಿರಿ. ಎಂಟು ಬ್ಲಾಕ್‌ಔಟ್, ಒಂದೊಂದಕ್ಕೆ ಇಪ್ಪತ್ತೈದು ಸೆಕೆಂಡು ಅಂದರೆ ಮೂರು ನಿಮಿಷಕ್ಕೂ ಹೆಚ್ಚು ಕಾಲ ಪ್ರೇಕ್ಷಕರು ಕತ್ತಲಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿದರು. ಮೊಬೈಲ್ ಹೊರಬರುವುದು ಆಗಲೇ. ಅರೆಬೆಳಕಿನಲ್ಲಿ ಪಾತ್ರಗಳೇ ತಮ್ಮ ಮನೆಯ ಸಾಮಾನು ಎತ್ತಿಟ್ಟರೆ ಆ ಹೊತ್ತೂ ನಾಟಕಕ್ಕೆ ಸೇರುತ್ತದೆ.

ಇನ್ನೊಂದು ಕಾರಣ ಕನ್ನಡ ಭಾಷೆಯದ್ದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ; ಹೌದೋ ಅಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಸಹಜ ಅಭಿನಯದ ಹೆಸರಿನಲ್ಲಿ ನಟರು ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತಾರೆ. ‘ಅಪ್ಪನ ಹತ್ರ ನಾನು ಆ ದುಡ್ಡು...’ ಅಷ್ಟೇ ಹತ್ತನೇ ಸಾಲಿಗೆ ತಲುಪುವುದು. ದುಡ್ಡು ಕೇಳಿದನೋ ಕೇಳಲಿಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ರಂಗದ ಮೇಲಿನಿಂದ ತೂಗುಬಿಟ್ಟ ಮೈಕು ಈ ಇಳಿದ ದನಿಯನ್ನು ಹಿಡಿಯದೆ ಚಪ್ಪಲಿ ಸದ್ದನ್ನು ಹಿಡಿಯುತ್ತದೆ. ಕೇಳಿಸದವರು ‘ಕೇಳಿಸಲಿಲ್ಲ’ ಅನ್ನುವುದಿಲ್ಲ, ‘ಸ್ಲೋ’ ಅನ್ನುತ್ತಾರೆ. ಹಿಂದಿನ ಸಾಲಿನವರಿಂದ ಈ ದೂರು ಹೆಚ್ಚಾಗಿ ಬಂದರೆ ಮೊದಲು ದನಿ ನೋಡಿ. ತಾಲೀಮಿನಲ್ಲಿ ಒಬ್ಬರನ್ನು ಕೊನೆಯ ಸಾಲಿನಲ್ಲಿ ರಂಗಕ್ಕೆ ಬೆನ್ನು ಮಾಡಿ ಕೂರಿಸಿ, ಕೇಳದ ಪದ ಬಂದಾಗೆಲ್ಲ ಕೈ ಎತ್ತಲು ಹೇಳಿದರೆ ಒಂದೇ ಸಂಜೆಯಲ್ಲಿ ಲೆಕ್ಕ ಸಿಗುತ್ತದೆ.

ಇನ್ನು ನಮ್ಮ ಸಭಾ ಸಂಸ್ಕೃತಿ. ಆಮಂತ್ರಣದಲ್ಲಿ ಆರೂವರೆ ಇರುತ್ತದೆ. ದೀಪ ಬೆಳಗಿಸಿ, ಸ್ವಾಗತ, ಸನ್ಮಾನ, ಶಾಲು, ಹಾರ, ಅಧ್ಯಕ್ಷರ ಭಾಷಣ ಮುಗಿದು ಪರದೆ ಏಳುವಾಗ ಏಳೂ ಮುಕ್ಕಾಲು. ಪ್ರೇಕ್ಷಕರ ಗಡಿಯಾರ ಆರೂವರೆಗೇ ಶುರುವಾಗಿದೆ. ದೂರದ ಡೊಂಬಿವಲಿಗೋ ವಿರಾರಿಗೋ ಹೋಗಬೇಕಾದವರು ಒಂಬತ್ತರಿಂದಲೇ ಲೋಕಲ್ ರೈಲಿನ ಲೆಕ್ಕ ಹಾಕುತ್ತಿರುತ್ತಾರೆ, ಅವರ ಪಾಲಿಗೆ ನಾಟಕದ ಅತಿ ಸೂಕ್ಷ್ಮ ಭಾಗ ಆ ಹೊತ್ತಿಗೇ ಬೀಳುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ನಮ್ಮದೇ ಸಭಾಗೃಹಗಳಲ್ಲಿ ಸಭಾ ಕಾರ್ಯಕ್ರಮವನ್ನು ನಾಟಕದ ನಂತರಕ್ಕೆ ಹಾಕಿ ನೋಡಬೇಕು, ಇಲ್ಲವೇ ಬೇರೆ ದಿನಕ್ಕೆ. ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸಮಯಕ್ಕೆ ಶುರುವಾಗುತ್ತದೆ ಎಂಬ ನಂಬಿಕೆಯೇ ಅಲ್ಲಿ ಅರ್ಧ ಏಕಾಗ್ರತೆ ತಂದುಕೊಡುತ್ತದೆ.

ಯಾವ ನಾಟಕಕ್ಕೆ ಯಾರನ್ನು ಕರೆದಿರಿ ಎಂಬುದೂ ಅಷ್ಟೇ ಮುಖ್ಯ. 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯದ ನಾಟಕಕಾರ ಚೆಕಾವ್‌ನ ‘ಸೀಗಲ್’ ಮೊದಲ ರಾತ್ರಿ ಮಕಾಡೆ ಬಿತ್ತು. ಆ ಪ್ರಯೋಗ ಇದ್ದದ್ದು ಜನಪ್ರಿಯ ಹಾಸ್ಯನಟಿಯೊಬ್ಬರ ಗೌರವಾರ್ಥ. ನಗಲು ಬಂದವರ ಎದುರು ಆ ನಾಟಕ ನಡೆಯಿತು. ಎರಡು ವರ್ಷದ ನಂತರ, 1898ರಲ್ಲಿ, ಮಾಸ್ಕೋ ಆರ್ಟ್ ಥಿಯೇಟರ್ ಅದನ್ನೇ ಆಡಿ ಗೆದ್ದಿತು. ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳ ನೃತ್ಯ, ಊಟದ ಕೂಪನ್ ಎರಡರ ನಡುವೆ ಪಾತ್ರಪ್ರಧಾನ ನಾಟಕ ತುರುಕುವವರು ಇದನ್ನು ನೆನಪಿಡಬೇಕು. ಇದೇ ಊರಿನಲ್ಲಿ ಮಹೇಶ್ ಎಲಕುಂಚವಾರರ ಮರಾಠಿ ನಾಟಕ ‘ವಾಡಾ ಚಿರೇಬಂದಿ’ 1985ರಲ್ಲಿ ವಿಜಯಾ ಮೆಹ್ತಾ ನಿರ್ದೇಶನದಲ್ಲಿ ಬಂತು. ಮುಂದೆ ಚಂದ್ರಕಾಂತ ಕುಲಕರ್ಣಿ ಅದರ ಮುಂದುವರಿಕೆಯ ಎರಡು ನಾಟಕಗಳನ್ನೂ ಸೇರಿಸಿ ಮೂರೂ ಭಾಗ ಆಡಿದಾಗ ಮರಾಠಿ ಪ್ರೇಕ್ಷಕರು ದಿನವಿಡೀ ಕೂತು ನೋಡಿದರು. ಎಷ್ಟು ಹೊತ್ತಿನ ನಾಟಕ, ಎಂಥ ನಾಟಕ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ವಿಮರ್ಶೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ನಾಟಕದ ವರದಿ ಅಂದರೆ ಗಣ್ಯರ ಪಟ್ಟಿ, ಕೊನೆಗೆ ‘ಮನೋಜ್ಞ ಅಭಿನಯ’, ‘ನಾಟಕಕ್ಕೆ ಇನ್ನಷ್ಟು ವೇಗ ಬೇಕಿತ್ತು’. ಯಾವ ದೃಶ್ಯಕ್ಕೆ ವೇಗ ಬೇಕಿತ್ತು? ಉದಾಹರಣೆಗೆ, ಪತ್ರ ಬಂದ ಮೇಲೋ, ಮೊದಲೋ? ಅತ್ತಿಗೆಗೆ ವಿಷಯ ಗೊತ್ತು ಎಂದು ಪ್ರೇಕ್ಷಕರಿಗೆ ತಿಳಿದ ನಂತರವೂ ನಾಟಕ ಅದನ್ನೇ ಎರಡು ಸಲ ಹೇಳಿತೆ? ಇಷ್ಟು ಬರೆದರೆ ತಂಡಕ್ಕೆ ದಾರಿ ಕಾಣುತ್ತದೆ. ಅಮೆರಿಕದಲ್ಲಿ 2013ರಲ್ಲಿ ಆ್ಯನಿ ಬೇಕರ್ ಅವರ ‘ದಿ ಫ್ಲಿಕ್’ ಬಂದಾಗ, ಹಳೇ ಸಿನಿಮಾ ಟಾಕೀಸಿನ ಕೆಲಸಗಾರರು ಪಾಪ್‌ಕಾರ್ನ್ ಗುಡಿಸುವ ಮೂರು ಗಂಟೆಯ ಆ ನಾಟಕದ ಮಧ್ಯಂತರದಲ್ಲೇ ಜನ ಎದ್ದು ಹೋದರು. ರಂಗಸಂಸ್ಥೆಯ ಕಲಾ ನಿರ್ದೇಶಕರು ಆ ಅಸಮಾಧಾನವನ್ನು ಒಪ್ಪಿಕೊಂಡೇ, ನಾಟಕದ ಪರ ನಿಂತು, ಚಂದಾದಾರರಿಗೆ ಪತ್ರ ಬರೆದರು. 2014ರಲ್ಲಿ ಅದಕ್ಕೆ ಪುಲಿಟ್ಜರ್ ಬಂತು. ಬಹುಮಾನ ಬಂದದ್ದರಿಂದ ಎದ್ದು ಹೋದವರು ದಡ್ಡರೆಂದು ಆಗುವುದಿಲ್ಲ. ಆ ಪತ್ರದಂತೆ ಪ್ರೇಕ್ಷಕರ ಜೊತೆ ಮಾತಿಗೆ ಕೂರುವ ಧೈರ್ಯ ನಮ್ಮ ತಂಡಗಳಿಗೂ ಬರಬೇಕು ಅನ್ನುವುದಷ್ಟೇ ನನ್ನ ಆಸೆ.

ಮಾತಿಗೆ ಕೂತಾಗ ‘ಹೇಗಿತ್ತು?’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂತಲೇ ಉತ್ತರ ಬರುತ್ತದೆ. ‘ಎಲ್ಲಿ ವಾಚ್ ನೋಡಿದಿರಿ?’ ಅಂತ ಕೇಳಿ. ಅದಕ್ಕೂ ಮೊದಲು ತಂಡದ ಒಬ್ಬರು ಪಕ್ಕದ ಗೋಡೆಗೆ ಒರಗಿ, ರಂಗ ಬಿಟ್ಟು ಪ್ರೇಕ್ಷಕರನ್ನೇ ನೋಡುತ್ತಾ, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಮೊಬೈಲ್ ಬೆಳಕು ಎಲ್ಲವನ್ನೂ ಪಠ್ಯದ ಅಂಚಿನಲ್ಲಿ ಗುರುತು ಮಾಡಿರಬೇಕು. ನಗು ಮುಗಿದ ಕೂಡಲೇ ಬರುವ ಕೆಮ್ಮು ಅಷ್ಟು ಹೊತ್ತು ತಡೆದಿಟ್ಟದ್ದು, ಅದು ಒಳ್ಳೆಯ ಲಕ್ಷಣ. ಮಾತು ನಡೆಯುತ್ತಿರುವಾಗಲೇ ಎರಡು ಮೂರು ಕಡೆಯಿಂದ ಬಂದರೆ ಅಲ್ಲಿ ಹಿಡಿತ ತಪ್ಪಿದೆ. ಮೂರು ಪ್ರಯೋಗದಲ್ಲೂ ಗುರುತು ಅದೇ ಪುಟಕ್ಕೆ ಬಿದ್ದರೆ ಆ ಪುಟವನ್ನು ನಾಟಕಕಾರರ ಮುಂದೆ ಇಡಿ. ಒಂದೊಂದು ಸಲ ಒಂದೊಂದು ಪುಟಕ್ಕೆ ಬಿದ್ದರೆ ಪಠ್ಯ ಮುಟ್ಟಬೇಡಿ. ಫ್ಯಾನು, ಮೈಕು, ಶುರುವಾದ ಸಮಯ, ಆವತ್ತಿನ ನಟರ ದಣಿವು ಇವುಗಳನ್ನು ಒಂದೊಂದಾಗಿ ನೋಡಿ.