ಕೋಳಿಗೂಡಿನ ಲಂಬಕೋನ

ಪೈಥಾಗರಸ್ ಪ್ರಮೇಯವನ್ನು ಶಾಲೆಯಲ್ಲಿ ಉರು ಹೊಡೆದಿದ್ದೆ. ಅದು ಉಪಯೋಗಕ್ಕೆ ಬಂದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಕೈಯಲ್ಲಿ ಸುತ್ತಿಗೆ ಹಿಡಿದಾಗ.

ಕೋಳಿ ಸಾಕೋಣ ಅಂದದ್ದು ಮಗಳು. ಗೂಡು ನಾವೇ ಕಟ್ಟೋಣ ಅಂದದ್ದು ನಾನು. ಈ ಎರಡನೇ ಮಾತು ಸ್ವಲ್ಪ ದುಡುಕಾಯಿತು.

ಕೋಳಿ ಓಡಾಡುವ ಅಂಗಳದ ಸುತ್ತ ಕಟ್ಟಲು ಇದ್ದದ್ದು 24 ಅಡಿ ಜಾಲರಿ. "ಉದ್ದಕ್ಕೆ ಮಾಡೋಣಪ್ಪಾ, ಓಡಾಡೋಕೆ ಚೆನ್ನಾಗಿರುತ್ತೆ" ಅಂದಳು. 10 ಅಡಿ ಉದ್ದ, 2 ಅಡಿ ಅಗಲ. ಕಡ್ಡಿಯಿಂದ ನೆಲದ ಮೇಲೆ ಗೀಚಿ, ಒಳಗೆ ನಿಂತು, ಕೋಳಿಯ ಹಾಗೆ ಕೈ ಬಡಿದಳು. ಎರಡೂ ಕೈ ಗೀಟಿನಾಚೆ. ಗುಣಿಸಿದರೆ 20 ಚದರ ಅಡಿ. 8ಕ್ಕೆ 4 ಮಾಡಿದೆವು, 32 ಆಯಿತು. 6ಕ್ಕೆ 6 ಮಾಡಿದಾಗ 36. ಜಾಲರಿ ಒಂದಿಂಚೂ ಜಾಸ್ತಿಯಾಗಿಲ್ಲ, ಜಾಗ ಮಾತ್ರ ಎಲ್ಲಿಂದಲೋ ಬಂತು! "ದುಂಡಗೆ ಮಾಡಿದ್ರೆ?" ಅಂದಳು. ಸುಮಾರು 46. ಆದರೆ ದುಂಡನೆಯ ಬೇಲಿಗೆ ಬಾಗಿಲು ಕೂರಿಸುವ ಧೈರ್ಯ ನನಗಿರಲಿಲ್ಲ. ಓಡಾಡಲು ಕೋಳಿಯೊಂದಕ್ಕೆ 10 ಚದರ ಅಡಿಯಾದರೂ ಇರಲಿ ಅನ್ನುತ್ತಾರೆ ಸಾಕುವವರು. ನನಗೆ ಆರು ಕೋಳಿಯ ಆಸೆ. ಭಾಗಾಕಾರ ಮೂರಕ್ಕೆ ಇಳಿಸಿತು.

ಮೂಲೆಗಳನ್ನು ಕಣ್ಣಳತೆಯಲ್ಲೇ ಗುರುತು ಮಾಡಿದೆ. ಮಗಳು ಟೇಪು ತಂದಳು. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ. ಮೂಲೆ ಲಂಬಕೋನವಾಗಿದ್ದರೆ, ಪೈಥಾಗರಸ್ ಪ್ರಕಾರ, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ಬಂದದ್ದು ಐದೂಕಾಲು. "ಅಪ್ಪಾ, ನಿಮ್ಮ ಕಣ್ಣು ಸೊಟ್ಟ" ಅಂದಳು. ಕಂಬ ಕಿತ್ತು ಮತ್ತೆ ನೆಟ್ಟೆ.

ಬಾಗಿಲಿನದು ಬೇರೆಯೇ ಕಥೆ. ನಾಲ್ಕು ರೀಪು ಜೋಡಿಸಿ ಚೌಕಟ್ಟು ಮಾಡಿ ನಿಲ್ಲಿಸಿದೆ. ನಿದ್ದೆ ಬಂದವನ ಹಾಗೆ ಒಂದು ಕಡೆಗೆ ವಾಲಿತು. ಇನ್ನೆರಡು ಮೊಳೆ ಹೊಡೆದೆ. ಆದರೂ ವಾಲಿತು. ಕೊನೆಗೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಒಂದು ರೀಪು ಬಡಿದೆವು. ಚೌಕ ಎರಡು ತ್ರಿಕೋನವಾಯಿತು, ಅಲುಗಾಟ ನಿಂತೇ ಹೋಯಿತು. ತ್ರಿಕೋನದ ಮೂರು ಬದಿಯ ಉದ್ದ ಬದಲಾಗದ ಹೊರತು ಅದರ ಆಕಾರ ಬದಲಾಗುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಅಂಕ ಎಷ್ಟಿತ್ತೋ ನೆನಪಿಲ್ಲ.

ವಿಜ್ಞಾನ ಮೂಗಿನ ಮೂಲಕ ಬಂತು. ರಾತ್ರಿ ಚಳಿಯಾದೀತೆಂದು ಮಲಗುವ ಗೂಡಿನ ಸಂದುಗಳನ್ನೆಲ್ಲ ಮುಚ್ಚಿದ್ದೆ. ವಾರದೊಳಗೆ ಒಳಗೆ ತಲೆ ಹಾಕಿದರೆ ಕಣ್ಣುರಿ. ಹಿಕ್ಕೆಯಿಂದ ಹೊರಡುವ ಅಮೋನಿಯಾ ಗಾಳಿಗಿಂತ ಹಗುರ. ಸೂರಿನ ಕೆಳಗೆ ಕಿಂಡಿ ಬಿಟ್ಟಾಗಲೇ ವಾಸನೆ ಇಳಿದದ್ದು.

ಸಮಾಜ ವಿಜ್ಞಾನವನ್ನು ಕೋಳಿಗಳೇ ನೋಡಿಕೊಂಡವು. ಮೊದಲ ಸಂಜೆಯೇ ಕೂರುವ ಗಳದ ಮೇಲೆ ಯಾರು ಎಲ್ಲಿ ಅಂತ ಜಗಳ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಈ ಶ್ರೇಣಿಯನ್ನು 1920ರ ದಶಕದಲ್ಲಿ ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡರಪ್-ಎಬ್ಬೆ ವಿವರಿಸಿದರು. ಅವರಿಗೆ ಚಿಕ್ಕಂದಿನಿಂದಲೇ ಕೋಳಿ ನೋಡುವ ಹುಚ್ಚಂತೆ. ನಮ್ಮಲ್ಲಿ ಕೆಂಪು ಕೋಳಿ ಮೇಲೆ, ಬಿಳಿಯದು ಕೆಳಗೆ. ಚುಕ್ಕೆಯದು ಮಧ್ಯದಲ್ಲಿದ್ದುಕೊಂಡು ಬಿಳಿಯದನ್ನೇ ಜಾಸ್ತಿ ಕುಕ್ಕುತ್ತದೆ. ನಮ್ಮ ಆಫೀಸಿನಲ್ಲೂ ಹಾಗೇ ಅಲ್ವಾ, ಇರಲಿ ಬಿಡಿ.

ಬಾಗಿಲ ಕೆಳಗೆ ಇನ್ನೂ ಒಂದಿಂಚು ಸಂದಿದೆ. ದಿನಾ ಸಂಜೆ ಅಲ್ಲಿಗೆ ಒಂದು ಇಟ್ಟಿಗೆ ಒತ್ತಿಡುತ್ತೇವೆ. ಮಗಳ ನೋಟ್‌ಬುಕ್ಕಿನ ನಕ್ಷೆಯಲ್ಲಿ ಆ ಇಟ್ಟಿಗೆಯೂ ಇದೆ. ಪಕ್ಕದಲ್ಲಿ ಬರೆದಿದ್ದಾಳೆ: "ಅಪ್ಪನ ಉತ್ತರದಲ್ಲಿ ಉಳಿದ ಶೇಷ."