ಕಮಾರೊಗೆ ಲಾಂಗ್ ಟ್ಯೂಬ್ ಹೆಡರ್ ಹಾಕಿಸಬೇಕಾ? ಇಬ್ಬರು ಗೆಳೆಯರ ಪರ-ವಿರೋಧ

ಪರ: ಡೆಟ್ರಾಯಿಟ್‌ನಿಂದ

ನನ್ನದು 2010ರ ಷೆವ್ರೊಲೆ ಕಾರು, ಕಮಾರೊ ಎಸ್‌ಎಸ್, ಮ್ಯಾನ್ಯುಯಲ್ ಗೇರ್. 6.2 ಲೀಟರಿನ ಎಲ್‌ಎಸ್3 ಎಂಜಿನ್. ಕಂಪನಿ ಲೆಕ್ಕದಲ್ಲಿ 426 ಹಾರ್ಸ್‌ಪವರ್. ಇಷ್ಟಿದ್ದ ಮೇಲೆ ಇನ್ನೇನು ಬೇಕು ಅಂತ ಮನೆಯಲ್ಲೂ ಕೇಳಿದರು. ಉತ್ತರವಾಗಿ, ಸಿಲಿಂಡರುಗಳ ಹೊಗೆಯನ್ನು ಹೊರಗೆ ಸಾಗಿಸುವ, ಬಿಚ್ಚಿಟ್ಟ ಹಳೇ ಮ್ಯಾನಿಫೋಲ್ಡನ್ನೇ ಅವರ ಕೈಗೆ ಕೊಟ್ಟೆ. ಎರಕದ ಕಬ್ಬಿಣದ ಗಿಡ್ಡ ತುಂಡು. ಹಿಡಿದರೆ ಕೈ ಜಗ್ಗುತ್ತದೆ. ನಾಲ್ಕು ಸಿಲಿಂಡರಿನ ಹೊಗೆ ಅದರೊಳಗೆ ಗೇಣುದ್ದ ಹೋಗುವಷ್ಟರಲ್ಲಿ ಒಂದೇ ಗಂಟಲಿಗೆ ಬಂದು ಬೀಳುತ್ತದೆ.

ಅದರಿಂದ ಏನಾಗುತ್ತದೆ ಅಂತ ಕಾಗದದ ಮೇಲೇ ನೋಡಬಹುದು. ಈ ಎಂಜಿನ್ನಿನ ಎಂಟು ಸಿಲಿಂಡರ್ ಒಂದಾದ ಮೇಲೊಂದು ಉರಿಯುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-8-7-2-6-5-4-3. ಎಡಗಡೆ ಬೆಸ ಸಂಖ್ಯೆಯ ಸಿಲಿಂಡರ್, ಬಲಗಡೆ ಸರಿ ಸಂಖ್ಯೆಯವು. ಸುಮ್ನೆ ಬೆರಳಿಟ್ಟು ಎಣಿಸಿ. ಬಲಗಡೆ 2 ಆದ ತಕ್ಷಣ 6. ಎಡಗಡೆ 3 ಮುಗಿದ ಕೂಡಲೇ ಮತ್ತೆ 1. ಕ್ರ್ಯಾಂಕ್ 90 ಡಿಗ್ರಿ ತಿರುಗುವಷ್ಟರಲ್ಲಿ ಒಂದೇ ಕಡೆಯ ಎರಡು ಸಿಲಿಂಡರ್ ಹೊಗೆ ಉಗುಳುತ್ತವೆ. ಮೊದಲನೆಯದರ ವಾಲ್ವ್ ಇನ್ನೂ ತೆರೆದೇ ಇರುತ್ತದೆ, ಅಷ್ಟರಲ್ಲಿ ಪಕ್ಕದ್ದರ ಒತ್ತಡ ಬಂದು ಗುದ್ದುತ್ತದೆ. ಹೊರಗೆ ಹೋಗಬೇಕಾದ ಹೊಗೆ ಒಳಗೇ ಉಳಿಯುತ್ತದೆ. ಹೊಸ ಗಾಳಿಗೆ ಜಾಗ ಕಮ್ಮಿಯಾಗುತ್ತದೆ.

ಮ್ಯಾನಿಫೋಲ್ಡಿನ ಬದಲಿಗೆ ಹಾಕುವ ಲಾಂಗ್ ಟ್ಯೂಬ್ ಹೆಡರಿನಲ್ಲಿ ಪ್ರತಿ ಸಿಲಿಂಡರಿಗೂ ಅದರದೇ ಸ್ಟೀಲ್ ಕೊಳವೆ. ಎರಡು ಇಂಚಿಗಿಂತ ಸ್ವಲ್ಪ ಕಿರಿದು, ಉದ್ದ ಎರಡೂವರೆ ಅಡಿ ಆಸುಪಾಸು. ನಾಲ್ಕೂ ಕೊನೆಗೆ 3 ಇಂಚಿನ ಕಲೆಕ್ಟರಿನಲ್ಲಿ ಸೇರುತ್ತವೆ. ಒಂದರ ಗುದ್ದು ಇನ್ನೊಂದಕ್ಕೆ ನೇರವಾಗಿ ತಾಗುವುದಿಲ್ಲ. ಇನ್ನೊಂದು ಲಾಭವೂ ಇದೆ, ನನಗೆ ಇದೇ ಹೆಚ್ಚು ಇಷ್ಟ. ಹೊಗೆಯ ಒತ್ತಡದ ಅಲೆ ಕಲೆಕ್ಟರ್ ಮುಟ್ಟಿದಾಗ ಜಾಗ ದಿಢೀರನೆ ಅಗಲವಾಗುತ್ತದೆ. ಅಲ್ಲಿಂದ ಒಂದು ಎಳೆತದ ಅಲೆ ವಾಪಸ್ ಬರುತ್ತದೆ. ಗಾಳಿಯ ವಾಲ್ವ್, ಹೊಗೆಯ ವಾಲ್ವ್ ಎರಡೂ ತುಸು ತೆರೆದಿರುವ ಹೊತ್ತಿಗೆ ಅದು ಬಂದರೆ ಉಳಿದ ಹೊಗೆಯನ್ನು ಹೀರಿಕೊಂಡು ಹೋಗುತ್ತದೆ, ಹೊಸ ಗಾಳಿಯನ್ನೂ ಒಳಕ್ಕೆ ಎಳೆಯುತ್ತದೆ. ಕೊಳವೆ ಉದ್ದವಾದಷ್ಟೂ ಈ ಲಾಭ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಗಿಡ್ಡ ಹೆಡರಿಗೆ ಇದು ಆಗುವ ಕೆಲಸ ಅಲ್ಲ. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸಿ ಟ್ಯೂನ್ ಕೂಡ ಮಾಡಿಸಿದರೆ ಎಲ್‌ಎಸ್3ಗೆ ಚಕ್ರದ ಬಳಿ 20ರಿಂದ 30 ಹಾರ್ಸ್‌ಪವರ್ ಜಾಸ್ತಿ ಬರುವುದು ಸಾಮಾನ್ಯ.

ಕೆಲಸ ಸುಲಭ ಅಂತ ಹೇಳಲಾರೆ. ಮಿಷಿಗನ್‌ನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರಿನ ಕೆಳಗೆ ಒಂದು ಬೋಲ್ಟೂ ಮಾತು ಕೇಳುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಗ್ಗೆ ಉಸಿರು ಬಿಗಿಹಿಡಿದು ಸ್ಪ್ಯಾನರ್ ತಿರುಗಿಸಿದೆ, ಒಂದೂ ಮುರಿಯಲಿಲ್ಲ. ಹೆಡರ್ ಕೆಳಗಿನಿಂದ ಒಳಗೆ ಹೋಗಬೇಕಾದರೆ ಸ್ಟೀರಿಂಗ್ ಶಾಫ್ಟ್ ಬಿಚ್ಚಬೇಕು. ಆಗ ಸ್ಟೀರಿಂಗ್ ಚಕ್ರ ತಿರುಗಿಬಿಟ್ಟರೆ ಒಳಗಿನ ಏರ್‌ಬ್ಯಾಗ್ ವೈರಿನ ಸುರುಳಿ ಹರಿಯುತ್ತದೆ. ಸೀಟ್ ಬೆಲ್ಟನ್ನು ಚಕ್ರದೊಳಗಿಂದ ಹಾಯಿಸಿ ಕಟ್ಟಿಹಾಕಿದೆ. ಬೋಲ್ಟ್ ಬಿಗಿ ಮಾಡಿದ್ದು ನಡುವಿನಿಂದ ಹೊರಕ್ಕೆ, ಮೊದಲ ಸುತ್ತು 11 ಪೌಂಡ್-ಅಡಿ, ಎರಡನೇ ಸುತ್ತು 18. ಬೋಲ್ಟ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಅವಸರ ಮಾಡಿದರೆ ಅದರೊಳಗಿನ ಥ್ರೆಡ್ ಕಿತ್ತು ಹೋಗುತ್ತದೆ. ಎರಡು ವಾರಾಂತ್ಯ ಹಿಡಿಯಿತು. ಕಾರಿನ ಜತೆ ಅಷ್ಟು ಹೊತ್ತು ನಾನು ಹಿಂದೆಂದೂ ಕಳೆದಿರಲಿಲ್ಲ.

ಹೊಗೆಯ ವಿಷ ಕಳೆಯುವ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್, ಅದನ್ನು ತೆಗೆದೆಸೆದಿಲ್ಲ. ಕೊಳವೆ ಉದ್ದವಾದ್ದರಿಂದ ಹಿಂದಕ್ಕೆ ಹೋಗಿದೆ, ಅಷ್ಟೆ. ಅದನ್ನು ಜರುಗಿಸುವುದಕ್ಕೂ ಕಾನೂನಿನ ಅಡ್ಡಿ ಇದೆ, ಗೊತ್ತು. ನಾನು ಕೇಳುವುದು ಆ ಕಾನೂನು ಬದಲಾಗಲಿ ಅಂತ. ಭಾಗ ಎಲ್ಲಿದೆ ಅಂತ ನೋಡುವ ಬದಲು ಹೊಗೆಯನ್ನು ಅಳೆಯಲಿ. ನನ್ನ ಕಾರು ರಸ್ತೆಗಿಳಿಯುವುದು ಬೇಸಿಗೆಯಲ್ಲಿ ಮಾತ್ರ. ಆಗಸ್ಟಿನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ, 1995ರಿಂದ ಬಂದ ಹಬ್ಬ. ಅಪ್ಪ ಮಗಳು, ಅಜ್ಜ ಮೊಮ್ಮಗ ಕುರ್ಚಿ ಹಾಕಿಕೊಂಡು ರಸ್ತೆ ಬದಿ ಕೂರುತ್ತಾರೆ. ಈ ಎಂಜಿನ್ ಹಾಡುವುದನ್ನು ಕೇಳಲೆಂದೇ ಬಂದವರು ಅವರು.

ವಿರೋಧ: ಸ್ಯಾನ್ ಹೋಸೆಯಿಂದ

3 ಮತ್ತು 1ನೇ ಸಿಲಿಂಡರಿನ ಗುದ್ದಾಟದ ಮಾತು ನಿಜ. ಗೆಳೆಯನ ಕಾರಿನಲ್ಲಿ ಕೂತಿದ್ದೇನೆ, ಎಳೆತವೂ ನಿಜ. ನನ್ನ ತಕರಾರೆಲ್ಲ ಅವನು "ಅಷ್ಟೆ" ಅಂದುಬಿಟ್ಟ ಆ ಒಂದು ವಾಕ್ಯದ ಮೇಲೆ.

ಕನ್ವರ್ಟರನ್ನು ಎಂಜಿನ್ನಿಗೆ ಅಷ್ಟು ಹತ್ತಿರ ಇಟ್ಟಿರುವುದು ಶಾಖಕ್ಕಾಗಿ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕೆಲಸ ಶುರು ಮಾಡಬೇಕಾದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಈಗಿನ ಕಾರು ಒಂದು ಸಣ್ಣ ಓಡಾಟದಲ್ಲಿ ಬಿಡುವ ಸುಡದ ಪೆಟ್ರೋಲಿನ ಹೊಗೆಯಲ್ಲಿ ಹೆಚ್ಚಿನ ಪಾಲು ಹೊರಬೀಳುವುದು ಅದು ಬಿಸಿಯಾಗುವ ಮೊದಲೇ. ಎರಡೂವರೆ ಅಡಿ ತೆಳು ಕೊಳವೆಯನ್ನು ನಡುವೆ ತಂದಿಟ್ಟರೆ ದಾರಿಯಲ್ಲೇ ಶಾಖ ಸೋರುತ್ತದೆ, ಕಾಯುವ ಹೊತ್ತು ಬೆಳೆಯುತ್ತದೆ. ಹೊಗೆ ಅಳೆಯಲಿ ಅನ್ನುತ್ತಾನೆ. ಆ ಪರೀಕ್ಷೆ ಮಾಡುವುದು ಬಿಸಿಯಾದ ಎಂಜಿನ್ ಮೇಲೆ ಅಲ್ವಾ? ಬೆಳಗಿನ ಮೊದಲ ನಿಮಿಷದ ಹೊಗೆ ಅದರಲ್ಲಿ ಕಾಣುವುದೇ ಇಲ್ಲ.

ನನಗೆ ಇದು ಗೊತ್ತಾಗಿದ್ದು ಪುಸ್ತಕದಿಂದಲ್ಲ. ಹೆಡರ್ ಹಾಕಿದ್ದ ಕಮಾರೊವನ್ನೇ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ನಮ್ಮ ಗ್ಯಾರೇಜಿನ ಮೇಲೆ ಮಗಳ ಕೋಣೆ. ಬೆಳಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದ ದಿನ ಅವಳು ಮೂಗು ಮುಚ್ಚಿಕೊಂಡು ಕೆಳಗಿಳಿದು ಬಂದಳು. ನನಗೆ ನಮ್ಮ ಬೆಂಗಳೂರಿನ ಟೂ ಸ್ಟ್ರೋಕ್ ಆಟೊಗಳು ನೆನಪಾದವು. ಸಿಗ್ನಲ್ಲಿನಲ್ಲಿ ಅವುಗಳ ಹಿಂದೆ ಸ್ಕೂಟರ್ ನಿಲ್ಲಿಸಿ ಕರವಸ್ತ್ರ ಕಟ್ಟಿಕೊಂಡ ವರ್ಷಗಳು. ಅದೇ ಹಸಿ ಪೆಟ್ರೋಲಿನ ವಾಸನೆ ನನ್ನ ಮನೆಯೊಳಗೆ.

ಆಮೇಲೆ ಚೆಕ್ ಎಂಜಿನ್ ದೀಪ ಹತ್ತಿತು. ಪಿ0420, ಪಿ0430. ಎರಡೂ ಕಡೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಟ್ಯೂನ್ ಮಾಡುವವರು ಕನ್ವರ್ಟರಿನ ಹಿಂದೆ ಕೂತು ಅದರ ಕೆಲಸ ನೋಡುವ ಆಕ್ಸಿಜನ್ ಸೆನ್ಸರನ್ನೇ ಆಫ್ ಮಾಡಿಕೊಡುತ್ತೇವೆ ಅಂದರು. ನಾನು ಬೇಡ ಅಂದೆ. ಹೆಡರ್ ಎಂಜಿನ್ನಿಗೆ ಕೂರುವ ಕಡೆಯ ಗ್ಯಾಸ್ಕೆಟ್ ಹತ್ತಿರ ಕೂದಲೆಳೆಯಷ್ಟು ಸಂದು ಬಿದ್ದಿತ್ತು, ಅದು ಬೇರೆ. ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರಿದರೆ ಕನ್ವರ್ಟರಿಗಿಂತ ಮುಂದೆ ಇರುವ ಸೆನ್ಸರ್ ಪೆಟ್ರೋಲ್ ಕಮ್ಮಿ ಅಂತ ತಪ್ಪು ಓದುತ್ತದೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್, ಅಂದರೆ ಹೊಗೆ ತಪಾಸಣೆ ಇದೆ. ಬಾನೆಟ್ ಎತ್ತಿ ಕಣ್ಣಲ್ಲೇ ನೋಡುತ್ತಾರೆ. ಗಿಡ್ಡ ಹೆಡರಿಗೆ ಸರ್ಕಾರದ ಒಪ್ಪಿಗೆಯ ಇಒ ನಂಬರ್ ಸಿಗುತ್ತದೆ, ಲಾಂಗ್ ಟ್ಯೂಬಿಗೆ ಸಿಗುವುದು ತೀರಾ ಅಪರೂಪ. ನನ್ನ ಕಾರು ಫೇಲ್ ಆಯಿತು. ಇದನ್ನು ಕಿರುಕುಳ ಅಂತ ಬೈಯುವವರು ಇದ್ದಾರೆ, ನಾನು ಬೈಯಲಾರೆ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಜನ ಹೊಗೆಮಂಜಿನ ಕಣ್ಣುರಿ ತಡೆಯಲಾರದೆ ಒದ್ದಾಡಿದ್ದರು. ಕನ್ವರ್ಟರ್ ಕಾರುಗಳಿಗೆ ಬಂದದ್ದು 1975ರ ಮಾಡೆಲ್‌ನಿಂದ. ಇವತ್ತು ನಾವು 6.2 ಲೀಟರಿನ ಎಂಜಿನ್ ಇಟ್ಟುಕೊಂಡು ಊರ ನಡುವೆ ಓಡಾಡುತ್ತಿರುವುದು ಆ ಪುಟ್ಟ ಡಬ್ಬಿಯ ದೆಸೆಯಿಂದ.

ಗುಜರಿಯಿಂದ ಹಳೇ ಕಬ್ಬಿಣದ ಮ್ಯಾನಿಫೋಲ್ಡ್ ಜೋಡಿ ತಂದು ಹಾಕಿಸಿದೆ. ಹೆಡರ್ ಮಾರಿ ಬಂದ ದುಡ್ಡಿಗೆ ಒಳ್ಳೆ ಟೈರು, ಬ್ರೇಕ್ ಪ್ಯಾಡ್ ತಗೊಂಡು ಲಗುನಾ ಸೆಕಾ ರೇಸ್ ಟ್ರ್ಯಾಕಿಗೆ ಹೋದೆ. ಅಲ್ಲಿ ಹೆಚ್ಚಿನ ದಿನ ಕಾರಿನ ಸದ್ದಿಗೆ 90 ಡೆಸಿಬಲ್ ಮಿತಿ. ಮೀರಿದರೆ ಕಪ್ಪು ಬಾವುಟ ತೋರಿಸಿ ಕರೆಯುತ್ತಾರೆ. ನಾನು ಸಂಜೆಯವರೆಗೂ ಓಡಿಸಿದೆ. ಯಾರೂ ಕರೆಯಲಿಲ್ಲ.